ಬಿರಡೆಯ ಬೆಲೆ, ಬಾಟಲಿಯ ಭದ್ರತೆ
ಮನೆ ವೈನ್ ತಯಾರಿಕೆಯಲ್ಲಿ ಕೃತಕ ಕಾರ್ಕ್ ಹಾಗೂ ಕಾರ್ಕ್ ಹಾಕುವ ಸಾಧನಗಳು: ಒಂದು ವ್ಯಾವಹಾರಿಕ ಅಧ್ಯಯನ

'ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು' ಎಂಬ ಗಾದೆ ವ್ಯಾಪಾರಸ್ಥರಿಗೆ ಹೊಸದಲ್ಲ. ಸರಕಿನ ಒಟ್ಟು ಮೌಲ್ಯದಲ್ಲಿ ಅತ್ಯಲ್ಪ ಪಾಲು ಹೊಂದಿರುವ ಒಂದು ಬಿಡಿಭಾಗವು ಇಡೀ ಸರಕನ್ನೇ ಹಾಳುಮಾಡಬಲ್ಲದು. ಉಪ್ಪಿನಕಾಯಿ ಜಾಡಿಯ ಮುಚ್ಚಳ, ಎಣ್ಣೆ ಡಬ್ಬಿಯ ಸೀಲು, ಜೇನುತುಪ್ಪದ ಬಾಟಲಿಯ ಬಿರಡೆ ಇವೆಲ್ಲವೂ ಈ ಮಾತಿಗೆ ನಿದರ್ಶನಗಳು. ಆದರೆ ಮುಚ್ಚಳದ ಆಯ್ಕೆಯಲ್ಲಿ ಆದ ತಪ್ಪು ತಿಂಗಳುಗಟ್ಟಲೆ ಕಣ್ಣಿಗೆ ಬೀಳದೆ, ಕೊನೆಗೆ ಒಮ್ಮೆಗೇ ನಷ್ಟವಾಗಿ ಎದುರಾಗುವ ಉದಾಹರಣೆ ಬೇಕಾದರೆ ವೈನ್ ಬಾಟಲಿಯನ್ನು ನೋಡಬೇಕು.

ಅಮೆರಿಕ, ಕೆನಡಾ, ಬ್ರಿಟನ್ ಮುಂತಾದ ದೇಶಗಳಲ್ಲಿ ಮನೆಬಳಕೆಗಾಗಿ ವೈನ್ ತಯಾರಿಸುವುದು ಬಹುಕಾಲದ ಹವ್ಯಾಸ. ಇದನ್ನು ಅವಲಂಬಿಸಿ ಕಾರ್ಕ್, ಬಾಟಲಿ, ಹುದುಗು ಪಾತ್ರೆ, ಕಾರ್ಕ್ ಹಾಕುವ ಸಾಧನ ಇತ್ಯಾದಿಗಳ ಬಿಡಿ ವ್ಯಾಪಾರ ಬೆಳೆದಿದೆ. ಈ ಮಾರುಕಟ್ಟೆಯಲ್ಲಿ ಕೃತಕ ಕಾರ್ಕ್ ಪಡೆದ ಸ್ಥಾನ, ಅದರ ಬಳಕೆಯ ಕ್ರಮ ಮತ್ತು ಅದರ ಹಿಂದಿರುವ ಲೆಕ್ಕಾಚಾರವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಾನೂನಿನ ಚೌಕಟ್ಟು

ಮೊದಲಿಗೆ ಒಂದು ಅಂಶವನ್ನು ಸ್ಪಷ್ಟಪಡಿಸುವುದು ಅಗತ್ಯ. ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ ಒಬ್ಬರೇ ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಯಲ್ಲಿ 200 ಗ್ಯಾಲನ್ ವೈನನ್ನು ಸ್ವಂತ ಬಳಕೆಗಾಗಿ ತೆರಿಗೆಯಿಲ್ಲದೆ ತಯಾರಿಸಬಹುದು. 200 ಗ್ಯಾಲನ್ ಎಂದರೆ ಸುಮಾರು 757 ಲೀಟರ್, ಅಂದರೆ 750 ಮಿ.ಲೀ.ನ ಸಾವಿರಕ್ಕೂ ಹೆಚ್ಚು ಬಾಟಲಿಗಳು. ಮಾರಾಟಕ್ಕೆ ಮಾತ್ರ ಅವಕಾಶವಿಲ್ಲ.

ನಮ್ಮಲ್ಲಿ ಪರಿಸ್ಥಿತಿ ಬೇರೆ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಅನ್ವಯ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ನಿಷಿದ್ಧ. ವೈನ್ ಸಹ ಮದ್ಯದ ವ್ಯಾಖ್ಯೆಯೊಳಗೇ ಬರುತ್ತದೆ. ಆದ್ದರಿಂದ ಇಲ್ಲಿನ ವಾಚಕರಿಗೆ ಈ ವಿಷಯ ಪ್ರಸ್ತುತವಾಗುವುದು ಪರವಾನಗಿ ಪಡೆದ ಸಣ್ಣ ವೈನರಿಗಳಿಗೆ ಸಾಮಗ್ರಿ ಪೂರೈಸುವವರ ದೃಷ್ಟಿಯಿಂದ, ಹೊರದೇಶಗಳಿಗೆ ಬಿರಡೆ ಹಾಗೂ ಸಾಧನಗಳನ್ನು ರಫ್ತು ಮಾಡಬಯಸುವವರ ದೃಷ್ಟಿಯಿಂದ, ಮತ್ತು ಬಾಟಲಿಯಲ್ಲಿ ಸರಕು ತುಂಬುವ ಎಲ್ಲ ಸಣ್ಣ ಉತ್ಪಾದಕರ ದೃಷ್ಟಿಯಿಂದ.

ನೈಸರ್ಗಿಕ ಕಾರ್ಕಿನ ಗುಣದೋಷಗಳು

ಕಾರ್ಕ್ ಎಂಬುದು ಓಕ್ ಜಾತಿಯ ಒಂದು ಮರದ ತೊಗಟೆ. ಜಗತ್ತಿನ ಕಾರ್ಕಿನಲ್ಲಿ ಸರಿಸುಮಾರು ಅರ್ಧದಷ್ಟು ಪೋರ್ಚುಗಲ್ ದೇಶದಿಂದ ಬರುತ್ತದೆ. ಮರಕ್ಕೆ ಸುಮಾರು 25 ವರ್ಷವಾದ ಮೇಲೆ ಮೊದಲ ಬಾರಿ ತೊಗಟೆ ಸುಲಿಯುತ್ತಾರೆ; ಅನಂತರ ಪ್ರತಿ 9 ವರ್ಷಕ್ಕೊಮ್ಮೆ ಸುಲಿಯುತ್ತಾರೆ. ಬಿರಡೆಗೆ ಯೋಗ್ಯವಾದ ತೊಗಟೆ ಸಾಮಾನ್ಯವಾಗಿ ಮೂರನೆಯ ಸುಲಿತದಲ್ಲಿ ದೊರೆಯುತ್ತದೆ. ಅಂದರೆ ನೆಟ್ಟ ಮರ ಬಿರಡೆಯಾಗಲು ನಾಲ್ಕು ದಶಕಗಳಿಗಿಂತ ಹೆಚ್ಚು ಕಾಲ ಬೇಕು. ಬೇಡಿಕೆ ಏರಿದಾಗ ಪೂರೈಕೆಯನ್ನು ತಕ್ಷಣ ಹೆಚ್ಚಿಸಲಾಗದ ಸರಕು ಇದು.

ನೈಸರ್ಗಿಕ ಕಾರ್ಕಿನ ಮುಖ್ಯ ಗುಣ ಅದರ ಸ್ಥಿತಿಸ್ಥಾಪಕತ್ವ. ಒತ್ತಿದರೆ ಕುಗ್ಗಿ, ಬಿಟ್ಟಾಗ ಹಿಗ್ಗಿ ಗಾಜಿನ ಒಳಮೈಗೆ ಅಂಟಿ ನಿಲ್ಲುತ್ತದೆ. ದೋಷಗಳು ಎರಡು. ಮೊದಲನೆಯದು, ಪ್ರಕೃತಿಯ ವಸ್ತುವಾದ್ದರಿಂದ ಒಂದು ಕಾರ್ಕ್ ಇನ್ನೊಂದರಂತೆ ಇರುವುದಿಲ್ಲ. ಎರಡನೆಯದು 'ಟ್ರೈಕ್ಲೋರೋಅನಿಸೋಲ್' ಎಂಬ ರಾಸಾಯನಿಕ. ಒಂದು ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ವೈನಿಗೆ ಒದ್ದೆ ರಟ್ಟಿನ, ಬೂಷ್ಟಿನ ವಾಸನೆ ಬರುತ್ತದೆ. ಸ್ವಿಜರ್ಲೆಂಡಿನ ವಿಜ್ಞಾನಿಗಳು 1980ರ ದಶಕದ ಆರಂಭದಲ್ಲಿ ಈ ಕಾರಣವನ್ನು ಗುರುತಿಸಿದರು. ಪರ್ಯಾಯ ಬಿರಡೆಗಳ ಶೋಧಕ್ಕೆ ಈ ದೋಷವೇ ಬಹುಮಟ್ಟಿಗೆ ಪ್ರೇರಣೆಯಾಯಿತು.

ಕೃತಕ ಕಾರ್ಕಿನ ಆಗಮನ

1990ರ ದಶಕದಲ್ಲಿ ಪ್ಲಾಸ್ಟಿಕ್ ಕಾರ್ಕುಗಳು ಮಾರುಕಟ್ಟೆಗೆ ವ್ಯಾಪಕವಾಗಿ ಬಂದವು. ಇವುಗಳಲ್ಲಿ ಎರಡು ಬಗೆ ಪ್ರಧಾನವಾದವು. ಅಚ್ಚಿನಲ್ಲಿ ಒಂದೊಂದಾಗಿ ಎರಕಹೊಯ್ದ ಬಿರಡೆ ಮೊದಲನೆಯದು. ನೊರೆಯಂತಹ ಒಳತಿರುಳನ್ನು ಮತ್ತು ಅದರ ಸುತ್ತ ನಯವಾದ ಹೊರಪದರವನ್ನು ಉದ್ದ ಕೊಳವೆಯಂತೆ ಒಟ್ಟಿಗೆ ಹೊರಡಿಸಿ, ಅನಂತರ ತುಂಡರಿಸಿದ ಬಿರಡೆ ಎರಡನೆಯದು. ಅಮೆರಿಕದ ಉತ್ತರ ಕೆರೊಲಿನಾದಲ್ಲಿ 1999ರಲ್ಲಿ ಆರಂಭವಾದ ನೋಮಾಕಾರ್ಕ್ ಸಂಸ್ಥೆ ಈ ಎರಡನೆಯ ವಿಧಾನದಿಂದ ಹೆಸರು ಗಳಿಸಿತು.

ಕೃತಕ ಕಾರ್ಕಿನ ಅನುಕೂಲಗಳು ಸ್ಪಷ್ಟ. ಪ್ರತಿ ಬಿರಡೆಯೂ ಒಂದೇ ಅಳತೆ. ತೊಗಟೆಯಿಂದ ಬರುವ ಬೂಷ್ಟಿನ ವಾಸನೆಯ ಭಯವಿಲ್ಲ. ನೆನೆಸುವ ಅಗತ್ಯವಿಲ್ಲ; ಒಣಗಿ ಪುಡಿಯಾಗುವುದಿಲ್ಲ. ಬಾಟಲಿಯನ್ನು ನಿಲ್ಲಿಸಿಯೇ ಇಡಬಹುದು. ಏಕೆಂದರೆ ಬಿರಡೆ ಒದ್ದೆಯಾಗಿರಬೇಕೆಂಬ ನಿಯಮ ಇದಕ್ಕೆ ಅನ್ವಯಿಸದು. ಈ ಕಾರಣಗಳಿಂದ ಮನೆಯಲ್ಲಿ ವೈನ್ ತಯಾರಿಸುವವರು ಇದನ್ನು ಬೇಗನೆ ಸ್ವೀಕರಿಸಿದರು.

ಆದರೆ ಅನುಕೂಲಗಳ ಪಟ್ಟಿಯನ್ನು ಓದಿ ಅಷ್ಟಕ್ಕೇ ನಿಂತವರು ನಷ್ಟಕ್ಕೆ ಗುರಿಯಾದದ್ದೂ ಉಂಟು. ಇದಕ್ಕೆ ಮೂರು ಕಾರಣಗಳಿವೆ: ಅಳತೆ, ಸಾಧನ ಮತ್ತು ಅವಧಿ. ಇವನ್ನು ಒಂದೊಂದಾಗಿ ಪರಿಶೀಲಿಸಬಹುದು.

1. ಅಳತೆ

ಸಾಮಾನ್ಯ ವೈನ್ ಬಾಟಲಿಯ ಕಂಠದ ಒಳವ್ಯಾಸ ಬಾಯಿಯ ಬಳಿ ಸುಮಾರು 18.5 ಮಿ.ಮೀ.; ಕೆಳಗೆ ಇಳಿದಂತೆ ತುಸು ಅಗಲವಾಗುತ್ತದೆ. ಇದಕ್ಕೆ ಹಾಕುವ 9ನೇ ಸಂಖ್ಯೆಯ ನೈಸರ್ಗಿಕ ಕಾರ್ಕಿನ ವ್ಯಾಸ 24 ಮಿ.ಮೀ., 8ನೇ ಸಂಖ್ಯೆಯದು 22 ಮಿ.ಮೀ. ಕೃತಕ ಕಾರ್ಕಿನ ವ್ಯಾಸ ಸಾಮಾನ್ಯವಾಗಿ 22ರಿಂದ 23 ಮಿ.ಮೀ. ಉದ್ದ 38 ಮಿ.ಮೀ. ಅಥವಾ 44–45 ಮಿ.ಮೀ. ಇರುತ್ತದೆ.

ಕೃತಕ ಕಾರ್ಕ್ ಕಂಠಕ್ಕಿಂತ ಸುಮಾರು 4 ಮಿ.ಮೀ. ಮಾತ್ರ ದಪ್ಪವಾಗಿರುವುದರಿಂದ ಕಂಠದ ಅಳತೆಯಲ್ಲಿ ವ್ಯತ್ಯಾಸವಿದ್ದರೆ ಅದನ್ನು ಸರಿದೂಗಿಸುವ ಶಕ್ತಿ ಅದಕ್ಕೆ ಕಡಿಮೆ. ಹಳೆಯ, ಬೇರೆ ಬೇರೆ ಕಾರ್ಖಾನೆಗಳ ಬಾಟಲಿಗಳನ್ನು ಒಟ್ಟುಗೂಡಿಸಿ ತುಂಬುವ ಮನೆಗಳಲ್ಲಿ ಸೋರಿಕೆ ಕಾಣಿಸುವುದು ಈ ಕಾರಣದಿಂದ. ತಿರುಪು ಮುಚ್ಚಳದ ಬಾಟಲಿಗೆ ಯಾವುದೇ ಕಾರ್ಕನ್ನು ಬಲವಂತವಾಗಿ ಹಾಕಬಾರದು. ಅದರ ಕಂಠದ ಆಕಾರ ಬೇರೆ, ಗಾಜೂ ತೆಳು. ಒತ್ತಡಕ್ಕೆ ಒಡೆದು ಕೈಗೆ ಗಾಯವಾಗುವ ಸಂಭವವಿದೆ. ಅನಿಲ ತುಂಬಿದ ನೊರೆ ವೈನಿಗೆ ಸಾಧಾರಣ ಕಾರ್ಕ್, ಅದು ನೈಸರ್ಗಿಕವಾಗಲಿ ಕೃತಕವಾಗಲಿ, ಸಲ್ಲದು. ಅದಕ್ಕೆ ದಪ್ಪ ಗಾಜಿನ ಬಾಟಲಿ ಮತ್ತು ತಂತಿಯ ಕಟ್ಟು ಬೇಕು.

2. ಸಾಧನ

ಕಾರ್ಕ್ ಹಾಕುವ ಸಾಧನಗಳನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು.

(ಅ) ಒತ್ತುದಂಡದ ಕೈಸಾಧನ: ಕಾರ್ಕನ್ನು ಕೊಳವೆಯೊಳಗಿಟ್ಟು ಕೈಯಿಂದ ಅಥವಾ ರಬ್ಬರ್ ಸುತ್ತಿಗೆಯಿಂದ ಒಳಕ್ಕೆ ತಳ್ಳುವುದು. ಅತ್ಯಂತ ಅಗ್ಗ, ಆದರೆ ಬಿಗಿಯಾದ ಕಾರ್ಕಿಗೆ ಒಗ್ಗದು.

(ಆ) ಎರಡು ಹಿಡಿಕೆಗಳ ಕೈಸಾಧನ: ಎರಡೂ ಹಿಡಿಕೆಗಳನ್ನು ಕೆಳಗೆ ಒತ್ತಿದಾಗ ಕಾರ್ಕ್ ಇಳಿಜಾರಾದ ಲಾಳಿಕೆಯ ಮೂಲಕ ಕಿರಿದಾಗುತ್ತ ಕಂಠಕ್ಕೆ ಇಳಿಯುತ್ತದೆ. 8ನೇ ಸಂಖ್ಯೆಯ ಕಾರ್ಕಿಗೆ ಸಾಕು. 9ನೇ ಸಂಖ್ಯೆಗೆ ಸಾಕಷ್ಟು ತೋಳ್ಬಲ ಬೇಕು. ಕೃತಕ ಕಾರ್ಕನ್ನು ಇದರಲ್ಲಿ ಹಾಕಲು ಸಾಧ್ಯವಿದ್ದರೂ ಅಂಚು ಕೆತ್ತಿಹೋಗುವ, ಓರೆಯಾಗಿ ಇಳಿಯುವ ಅಪಾಯವಿದೆ.

(ಇ) ನೆಲದ ಮೇಲೆ ನಿಲ್ಲಿಸುವ ಯಂತ್ರ: ಬಾಟಲಿಯನ್ನು ಸ್ಪ್ರಿಂಗ್ ಪೀಠದ ಮೇಲಿಟ್ಟು ಹಿಡಿಕೆ ಎಳೆದರೆ ನಾಲ್ಕು ದವಡೆಗಳು ಸುತ್ತಲಿನಿಂದ ಕಾರ್ಕನ್ನು ಸುಮಾರು 16 ಮಿ.ಮೀ.ಗೆ ಕುಗ್ಗಿಸುತ್ತವೆ, ಅನಂತರ ಒತ್ತುದಂಡ ಅದನ್ನು ಕಂಠದೊಳಗೆ ಇಳಿಸುತ್ತದೆ. ಹವ್ಯಾಸಿಗಳಲ್ಲಿ ಪ್ಲಾಸ್ಟಿಕ್ ದವಡೆಗಳ ಪೋರ್ಚುಗೀಸ್ ಮಾದರಿ ಮತ್ತು ಹಿತ್ತಾಳೆ ದವಡೆಗಳ ಇಟಾಲಿಯನ್ ಮಾದರಿ ಹೆಚ್ಚು ಬಳಕೆಯಲ್ಲಿವೆ.

ಕೃತಕ ಕಾರ್ಕಿಗೆ ಮೂರನೆಯ ವರ್ಗವೇ ಯೋಗ್ಯ. ಇಲ್ಲಿಯೂ ಎಚ್ಚರಿಕೆ ಅಗತ್ಯ. ದವಡೆ ಸವೆದಿದ್ದರೆ ಅಥವಾ ಅದರ ಅಂಚಿನಲ್ಲಿ ಮಲಿನವಿದ್ದರೆ ಕಾರ್ಕಿನ ಮೈಮೇಲೆ ಉದ್ದನೆಯ ಗೀರು ಮೂಡುತ್ತದೆ. ನೈಸರ್ಗಿಕ ಕಾರ್ಕ್ ಒದ್ದೆಯಾಗಿ ಹಿಗ್ಗುವಾಗ ಇಂತಹ ಗೀರನ್ನು ಸ್ವಲ್ಪಮಟ್ಟಿಗೆ ಮುಚ್ಚಿಕೊಳ್ಳಬಹುದು. ಪ್ಲಾಸ್ಟಿಕ್ಕಿನಲ್ಲಿ ಬಿದ್ದ ಗೀರು ಹಾಗೆಯೇ ಉಳಿದು, ವೈನ್ ಹೊರಬರುವ ಮತ್ತು ಗಾಳಿ ಒಳಹೋಗುವ ಕಾಲುವೆಯಾಗುತ್ತದೆ. ಕಾರ್ಕನ್ನು ದೂರುವ ಗ್ರಾಹಕನು ಎಷ್ಟೋ ವೇಳೆ ದೂರಬೇಕಾದದ್ದು ದವಡೆಯನ್ನು.

ಬಳಕೆಯ ಕ್ರಮ

1) ವೈನಿನ ಹುದುಗುವಿಕೆ ಸಂಪೂರ್ಣ ನಿಂತಿದೆಯೆಂದು ಸಾಂದ್ರತಾಮಾಪಕದಿಂದ ಖಚಿತಪಡಿಸಿಕೊಳ್ಳಬೇಕು. ಕರಗಿದ ಅನಿಲವನ್ನೂ ಹೊರಹಾಕಬೇಕು. ಉಳಿದ ಸಕ್ಕರೆ ಬಾಟಲಿಯೊಳಗೆ ಮತ್ತೆ ಹುದುಗಿದರೆ ಯಾವ ಕಾರ್ಕೂ ನಿಲ್ಲದು.

2) ಕೃತಕ ಕಾರ್ಕನ್ನು ಬಿಸಿನೀರಿನಲ್ಲಿ ಕುದಿಸಬಾರದು, ನೆನೆಸಬಾರದು. ಅದರ ಮೈಮೇಲಿನ ಜಾರುಲೇಪನ ತೊಳೆದುಹೋದರೆ ಇಳಿಸುವುದೂ ತೆಗೆಯುವುದೂ ಕಷ್ಟ. ಮುಚ್ಚಿದ ಚೀಲದಿಂದ ನೇರವಾಗಿ ತೆಗೆದು ಬಳಸುವುದು ಉತ್ತಮ.

3) ದವಡೆಗಳನ್ನು ಸಲ್ಫೈಟ್ ದ್ರಾವಣದಿಂದ ಒರೆಸಿ ಒಣಗಿಸಬೇಕು. ಬಾಟಲಿಯ ಕಂಠದ ಒಳಮೈಯೂ ಒಣಗಿರಬೇಕು.

4) ಒತ್ತುದಂಡದ ಆಳವನ್ನು ಅದರ ತಿರುಪಿನಿಂದ ಹೊಂದಿಸಿ, ಕಾರ್ಕಿನ ತಲೆ ಬಾಟಲಿಯ ಬಾಯಿಗೆ ಸಮನಾಗಿ ಅಥವಾ ಕೂದಲೆಳೆಯಷ್ಟು ಕೆಳಗೆ ನಿಲ್ಲುವಂತೆ ಮಾಡಬೇಕು. ಮೊದಲು ನೀರು ತುಂಬಿದ ಎರಡು ಮೂರು ಬಾಟಲಿಗಳಲ್ಲಿ ಪರೀಕ್ಷಿಸುವುದು ಲೇಸು.

5) ಹಿಡಿಕೆಯನ್ನು ಒಂದೇ ಸಮನೆ, ತಡೆಯಿಲ್ಲದೆ ಎಳೆಯಬೇಕು. ಅರ್ಧದಲ್ಲಿ ನಿಲ್ಲಿಸಿದರೆ ಕಾರ್ಕ್ ಸುಕ್ಕುಗಟ್ಟುತ್ತದೆ.

6) ಕಾರ್ಕಿನ ತಳ ಮತ್ತು ವೈನಿನ ನಡುವೆ ಸುಮಾರು 12ರಿಂದ 18 ಮಿ.ಮೀ. ಅಂತರ ಬಿಡಬೇಕು. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ 750 ಮಿ.ಲೀ. ವೈನ್ ಸುಮಾರು 2 ಮಿ.ಲೀ. ಹಿಗ್ಗುತ್ತದೆ, ಕಂಠದಲ್ಲಿ ಅದು ಸುಮಾರು 7 ಮಿ.ಮೀ. ಏರಿಕೆ. ಅಂತರ ಸಾಲದಿದ್ದರೆ ಬಿಸಿಲಿನ ದಿನ ಕಾರ್ಕ್ ತಾನಾಗಿ ಮೇಲೇಳುತ್ತದೆ.

7) ನೈಸರ್ಗಿಕ ಕಾರ್ಕ್ ಹಾಕಿದ ಬಾಟಲಿಯನ್ನು ಒಂದರಿಂದ ಮೂರು ದಿನ ನಿಲ್ಲಿಸಿ, ಅನಂತರ ಮಲಗಿಸುವುದು ರೂಢಿ. ಕೃತಕ ಕಾರ್ಕ್ ಬಹುಬೇಗ ಹಿಗ್ಗಿ ಕೂರುತ್ತದೆ. ಆದರೂ ಒಂದು ದಿನ ನಿಲ್ಲಿಸಿ, ಮೇಲೆದ್ದ ಬಿರಡೆಗಳನ್ನು ಪರಿಶೀಲಿಸುವುದರಿಂದ ನಷ್ಟವೇನಿಲ್ಲ.

3. ಅವಧಿ

ಆಸ್ಟ್ರೇಲಿಯಾದ ವೈನ್ ಸಂಶೋಧನಾ ಸಂಸ್ಥೆಯು ಕ್ಲೇರ್ ಕಣಿವೆಯ 1999ರ ಸೆಮಿಯೋನ್ ಬಿಳಿ ವೈನನ್ನು 14 ಬಗೆಯ ಮುಚ್ಚಳಗಳಲ್ಲಿ ತುಂಬಿಸಿ ಪರೀಕ್ಷೆ ನಡೆಸಿತು. ಮೊದಲ 20 ತಿಂಗಳ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ವೈನನ್ನು ಕಾಪಾಡುವ ಗಂಧಕದ ಡೈಆಕ್ಸೈಡ್ ತಿರುಪು ಮುಚ್ಚಳದಡಿ ಅತಿ ಹೆಚ್ಚಾಗಿ ಉಳಿದಿತ್ತು. ಕೃತಕ ಕಾರ್ಕುಗಳಡಿ ಸಾಮಾನ್ಯವಾಗಿ ಅತಿ ಕಡಿಮೆ ಉಳಿದಿತ್ತು. ಅಂದಿನ ಕೃತಕ ಕಾರ್ಕುಗಳು ಗಾಳಿಯ ಆಮ್ಲಜನಕವನ್ನು ನಿಧಾನವಾಗಿ ಒಳಬಿಡುತ್ತಿದ್ದವೆಂಬುದು ಇದರ ಅರ್ಥ.

ಅನಂತರದ ವರ್ಷಗಳಲ್ಲಿ ತಯಾರಿಕೆ ಸುಧಾರಿಸಿದೆ. ಆಮ್ಲಜನಕ ಒಳಹೋಗುವ ಪ್ರಮಾಣವನ್ನು ನಮೂದಿಸಿದ, ಬೇರೆ ಬೇರೆ ಅವಧಿಗೆ ತಕ್ಕ ಶ್ರೇಣಿಗಳು ಬಂದಿವೆ. ಆದರೆ ಶ್ರೇಣಿ ನಮೂದಿಸದ ಅಗ್ಗದ ಕೃತಕ ಕಾರ್ಕನ್ನು ಒಂದೂವರೆ ಎರಡು ವರ್ಷದೊಳಗೆ ಕುಡಿದು ಮುಗಿಸುವ ವೈನಿಗೆ ಮಾತ್ರ ಬಳಸುವುದು ವಿವೇಕ. ಐದಾರು ವರ್ಷ ಕೂಡಿಡುವ ಕೆಂಪು ವೈನಿಗೆ ಅದನ್ನು ಹಾಕಿದರೆ ಬಣ್ಣ ಕಂದಿ, ರುಚಿ ಸಪ್ಪೆಯಾದ ಮೇಲೆಯೇ ತಪ್ಪು ತಿಳಿಯುತ್ತದೆ.

ಲೆಕ್ಕದ ಪಾಠ

ಈಗ ಅಂಕಿಗಳಿಗೆ ಬರಬಹುದು. ಕೆಳಗಿನ ಬೆಲೆಗಳು ವಿವರಣೆಗಾಗಿ ಊಹಿಸಿಕೊಂಡವು, ಮಾರುಕಟ್ಟೆ ದರಗಳಲ್ಲ.

ಮನೆ ವೈನಿನ ಒಂದು ತಯಾರಿಕೆ ಸಾಮಾನ್ಯವಾಗಿ 23 ಲೀಟರ್, ಅಂದರೆ ಸುಮಾರು 30 ಬಾಟಲಿ. ಸಾಮಗ್ರಿಯ ವೆಚ್ಚ 90 ಡಾಲರ್ ಎಂದಿಟ್ಟುಕೊಂಡರೆ ಬಾಟಲಿಯೊಂದಕ್ಕೆ 3 ಡಾಲರ್. ಅಗ್ಗದ ಕಾರ್ಕ್ ಕೊಳ್ಳುವುದರಿಂದ ಬಿರಡೆಯೊಂದಕ್ಕೆ 10 ಸೆಂಟ್ ಉಳಿಯುತ್ತದೆ ಎನ್ನೋಣ. 30 ಬಾಟಲಿಗೆ ಉಳಿತಾಯ 3 ಡಾಲರ್. ಅಂದರೆ ಒಂದು ಬಾಟಲಿಯ ಬೆಲೆ. ಆದ್ದರಿಂದ ಅಗ್ಗದ ಕಾರ್ಕಿನ ದೆಸೆಯಿಂದ 30ರಲ್ಲಿ ಒಂದೇ ಒಂದು ಬಾಟಲಿ ಹೆಚ್ಚುವರಿಯಾಗಿ ಕೆಟ್ಟರೂ ಉಳಿತಾಯ ಶೂನ್ಯ. ಎರಡು ಕೆಟ್ಟರೆ ನಷ್ಟ. ಇದೇ ಲೆಕ್ಕ ವಿರುದ್ಧ ದಿಕ್ಕಿಗೂ ಅನ್ವಯಿಸುತ್ತದೆ. ನೈಸರ್ಗಿಕ ಕಾರ್ಕಿನ ವಾಸನೆಯಿಂದ 30ರಲ್ಲಿ ಒಂದು ಬಾಟಲಿ ಕೆಡುತ್ತಿದ್ದು, ಕೃತಕ ಕಾರ್ಕ್ ಅದನ್ನು ತಪ್ಪಿಸಿದರೆ ಉಳಿತಾಯ ಇಮ್ಮಡಿಯಾಗುತ್ತದೆ. ಬಿರಡೆಯ ಖರೀದಿ ದರವೊಂದನ್ನೇ ನೋಡಿ ತೀರ್ಮಾನಿಸುವುದು ಅಪೂರ್ಣ ಲೆಕ್ಕ.

ಸಾಧನದ ವಿಷಯವೂ ಇದೇ ರೀತಿ. ನೆಲದ ಯಂತ್ರದ ಬೆಲೆ 75 ಡಾಲರ್, ಬಾಳಿಕೆ 10 ವರ್ಷ ಎಂದು ಭಾವಿಸೋಣ. ವರ್ಷಕ್ಕೆ ಒಂದು ತಯಾರಿಕೆಯಾದರೆ ಒಟ್ಟು 300 ಬಾಟಲಿ. ಬಾಟಲಿಗೆ ಸವಕಳಿ 25 ಸೆಂಟ್. ವರ್ಷಕ್ಕೆ ನಾಲ್ಕು ತಯಾರಿಕೆಯಾದರೆ 1200 ಬಾಟಲಿ. ಬಾಟಲಿಗೆ ಸುಮಾರು 6 ಸೆಂಟ್. ಅಂಗಡಿಯವರು ಯಂತ್ರವನ್ನು ದಿನಕ್ಕೆ 5 ಡಾಲರಿನಂತೆ ಬಾಡಿಗೆಗೆ ಕೊಟ್ಟರೆ ಬಾಟಲಿಗೆ ಸುಮಾರು 17 ಸೆಂಟ್. 15 ತಯಾರಿಕೆಗಳಿಗೆ ಕೊಟ್ಟ ಬಾಡಿಗೆ ಯಂತ್ರದ ಬೆಲೆಗೆ ಸಮನಾಗುತ್ತದೆ. ವರ್ಷಕ್ಕೊಮ್ಮೆ ಮಾಡುವವನಿಗೆ ಬಾಡಿಗೆ ಲಾಭ, ಪದೇ ಪದೇ ಮಾಡುವವನಿಗೆ ಖರೀದಿ ಲಾಭ. ಹೊರದೇಶದ ಅನೇಕ ಬಿಡಿ ವ್ಯಾಪಾರಿಗಳು ಯಂತ್ರವನ್ನು ಬಾಡಿಗೆಗೆ ಕೊಡುವುದು ಔದಾರ್ಯದಿಂದಲ್ಲ. ಸರಿಯಾದ ಸಾಧನದಿಂದ ಹಾಕಿದ ಕಾರ್ಕ್ ದೂರಾಗಿ ಹಿಂತಿರುಗಿ ಬಾರದು, ಕಾರ್ಕಿನ ಗ್ರಾಹಕ ಮಾತ್ರ ಮತ್ತೆ ಬರುತ್ತಾನೆ.

ಮಾರಾಟಗಾರನ ಹೊಣೆ

ಕಾರ್ಕ್ ಮಾರುವವನು ನಾಲ್ಕು ಪ್ರಶ್ನೆಗಳನ್ನು ಕೇಳಿಯೇ ಸರಕು ಕೊಡಬೇಕು: ಬಾಟಲಿ ಯಾವುದು, ಸಾಧನ ಯಾವುದು, ವೈನ್ ಎಷ್ಟು ಕಾಲ ಇಡುವುದು, ಎಲ್ಲಿ ಇಡುವುದು. ದೋಷ ಪತ್ತೆಯಾಗಲು ವರ್ಷವೇ ಹಿಡಿಯಬಹುದಾದ್ದರಿಂದ ಬಿಲ್ಲಿನಲ್ಲಿ ಕಾರ್ಕಿನ ಶ್ರೇಣಿ, ಅಳತೆ ಮತ್ತು ತಯಾರಿಕಾ ತಂಡದ ಸಂಖ್ಯೆಯನ್ನು ನಮೂದಿಸುವುದು ಇಬ್ಬರಿಗೂ ರಕ್ಷೆ. ಬೇರೆ ಬೇರೆ ತಂಡಗಳ ಕಾರ್ಕುಗಳನ್ನು ಒಂದೇ ಡಬ್ಬಿಗೆ ಸುರಿದು ಬಿಡಿಯಾಗಿ ಮಾರುವ ಪದ್ಧತಿ ತರವಲ್ಲ.

ದಾಸ್ತಾನಿನಲ್ಲಿಯೂ ವ್ಯತ್ಯಾಸವಿದೆ. ನೈಸರ್ಗಿಕ ಕಾರ್ಕ್ ತೆರೆದ ಚೀಲದಲ್ಲಿ ಒಣಗಿ ಗಡುಸಾಗುತ್ತದೆ. ಅಂತಹ ದಾಸ್ತಾನನ್ನು ವರ್ಷಾಂತ್ಯದಲ್ಲಿ ಕೊಂಡ ಬೆಲೆಗೇ ತೋರಿಸುವುದು ಸರಿಯಲ್ಲ. ಕೊಂಡ ಬೆಲೆ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯದನ್ನು ಹಿಡಿಯಬೇಕೆಂಬುದು ಲೆಕ್ಕಪತ್ರ ಮಾನಕ 2ರ ನಿಯಮ. ಕೃತಕ ಕಾರ್ಕ್ ಹೆಚ್ಚು ಕಾಲ ತಾಳುತ್ತದೆಯಾದರೂ ಬಿಸಿಲು, ಧೂಳು ಮತ್ತು ಕಟು ವಾಸನೆಯ ಸರಕುಗಳಿಂದ ದೂರವಿಡಬೇಕು. ಸೀಮೆಎಣ್ಣೆ, ಬಣ್ಣ, ಸಾಬೂನುಗಳ ಪಕ್ಕದಲ್ಲಿಟ್ಟ ಕಾರ್ಕ್ ಆ ವಾಸನೆಯನ್ನು ಹೀರಿ ವೈನಿಗೆ ಒಪ್ಪಿಸುತ್ತದೆ.

ಕರ್ನಾಟಕದ ಪೂರೈಕೆದಾರರಿಗೆ

ರಾಜ್ಯವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು. ನಂದಿ ಬೆಟ್ಟದ ಸುತ್ತಲಿನ ಪ್ರದೇಶ ಮತ್ತು ಉತ್ತರದ ಕೃಷ್ಣಾ ತೀರದ ಜಿಲ್ಲೆಗಳು ವೈನ್ ದ್ರಾಕ್ಷಿಗೆ ಹೆಸರಾಗಿವೆ. ಇಲ್ಲಿನ ಸಣ್ಣ ವೈನರಿಗಳಿಗೆ ಬಿರಡೆ ಪೂರೈಸುವವರು ಕೆಲವು ಅಂಶಗಳನ್ನು ಗಮನಿಸಬೇಕು.

ಮಾನವ ಸೇವನೆಯ ಮದ್ಯವು 1 ಜುಲೈ 2017ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ವ್ಯಾಪ್ತಿಯಿಂದ ಹೊರಗಿದೆ. ಆದರೆ ಕಾರ್ಕ್, ಬಾಟಲಿ, ಯಂತ್ರಗಳು ಒಳಗಿವೆ. ಪರಿಣಾಮವಾಗಿ ಇವುಗಳ ಮೇಲೆ ವೈನರಿಯು ತೆತ್ತ ತೆರಿಗೆಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲ. ಅದು ಪೂರ್ತಿಯಾಗಿ ವೆಚ್ಚಕ್ಕೆ ಸೇರುತ್ತದೆ. ಹೀಗಾಗಿ ವೈನರಿಯವರು ದರಗಳನ್ನು ತೆರಿಗೆ ಸೇರಿಸಿಯೇ ಹೋಲಿಸುತ್ತಾರೆ. ಪೂರೈಕೆದಾರರೂ ದರಪಟ್ಟಿಯನ್ನು ಹಾಗೆಯೇ ಕೊಡುವುದು ಒಳಿತು. ನೈಸರ್ಗಿಕ ಕಾರ್ಕ್ ಶೀರ್ಷಿಕೆ 4503ರಲ್ಲಿ, ಪುಡಿ ಕಾರ್ಕನ್ನು ಒತ್ತಿ ಮಾಡಿದ್ದು 4504ರಲ್ಲಿ, ಪ್ಲಾಸ್ಟಿಕ್ ಬಿರಡೆ 3923ರಲ್ಲಿ ಬರುತ್ತವೆ. ಬಿಲ್ಲಿನ ದಿನ ಜಾರಿಯಲ್ಲಿರುವ ದರವನ್ನು ಆಯಾ ಶೀರ್ಷಿಕೆಯಡಿ ನೋಡಿಕೊಳ್ಳಬೇಕು. ಪ್ಲಾಸ್ಟಿಕ್ ಬಿರಡೆ ತಯಾರಿಸುವವರು ಆಹಾರ ಸುರಕ್ಷತೆ ಮತ್ತು ಮಾನಕಗಳ ಪ್ಯಾಕೇಜಿಂಗ್ ನಿಯಮಾವಳಿ, 2018ರ ಅನುಸಾರ ಆಹಾರ ದರ್ಜೆಯ ವಸ್ತುವನ್ನೇ ಬಳಸಬೇಕು.

ನಮ್ಮ ಬೇಸಿಗೆಯನ್ನೂ ಮರೆಯುವಂತಿಲ್ಲ. ತಂಪು ದೇಶದ ನೆಲಮಾಳಿಗೆಗೆ ಹೇಳಿದ ಅಂತರ ಮತ್ತು ಅವಧಿ ಉತ್ತರ ಕರ್ನಾಟಕದ ಗೋದಾಮಿಗೆ ಯಥಾವತ್ತಾಗಿ ಅನ್ವಯಿಸದು. ಸಾಗಣೆಯ ಲಾರಿಯಲ್ಲಿ ಏರುವ ಉಷ್ಣತೆಯನ್ನು ಗಣನೆಗೆ ತೆಗೆದುಕೊಂಡು, ಒಂದು ಸಣ್ಣ ತಂಡವನ್ನು ಬೇಸಿಗೆಯಲ್ಲಿ ಪರೀಕ್ಷಿಸಿದ ನಂತರವೇ ದೊಡ್ಡ ಆದೇಶ ಒಪ್ಪಿಕೊಳ್ಳುವುದು ಜಾಣತನ.

ಸಾರಾಂಶ

ಕೃತಕ ಕಾರ್ಕ್ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಬಾಟಲಿಯ ಕಂಠ, ಹಾಕುವ ಸಾಧನ, ಕೂಡಿಡುವ ಅವಧಿ, ದಾಸ್ತಾನಿನ ಉಷ್ಣತೆ ಈ ನಾಲ್ಕಕ್ಕೂ ಹೊಂದಿದರೆ ಅದು ನಿಜವಾಗಿಯೂ ಅಗ್ಗ. ಒಂದಕ್ಕೆ ಹೊಂದದಿದ್ದರೂ ಅದರ ನಿಜವಾದ ಬೆಲೆ ಒಡಲಲ್ಲಿರುವ ವೈನಿನ ಬೆಲೆಯೇ ಆಗುತ್ತದೆ. ಉತ್ಪಾದಕರು ತಮ್ಮ ವೆಚ್ಚಪಟ್ಟಿಯಲ್ಲಿ ಮುಚ್ಚಳದ ದರದ ಪಕ್ಕದಲ್ಲಿ ಇನ್ನೊಂದು ಅಂಕಣ ಹಾಕಿ, ಅದು ಕಾಯುವ ಸರಕಿನ ಮೌಲ್ಯವನ್ನು ಬರೆದುಕೊಳ್ಳುವುದು ಒಳ್ಳೆಯದು. ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬುದನ್ನು ಆ ಎರಡು ಅಂಕಣಗಳೇ ತಿಳಿಸುತ್ತವೆ.